ಟ್ಯಾಕ್ಸಿ ಇಲ್ಲದೆ ಒಂದು ದಿನದ ಹಂಪಿ
ರಾತ್ರಿ ಬೆಂಗಳೂರಲ್ಲಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಿಗ್ಗೆ ಹೊಸಪೇಟೆ. ಅಲ್ಲಿಂದ ಹಂಪಿಗೆ 13 ಕಿ.ಮೀ., ಸರ್ಕಾರಿ ಬಸ್ಸಿದೆ. ಹೆಣ್ಮಕ್ಕಳಿಗೆ ಶಕ್ತಿ ಯೋಜನೆಯಲ್ಲಿ ಪುಕ್ಕಟೆ, ಆಧಾರ್ ಮರೀಬೇಡಿ. ಬಿಸಿಲೇರೋ ಮೊದಲೇ ವಿರೂಪಾಕ್ಷನ ದರ್ಶನ ಮುಗಿಸಿ, ತುಂಗಭದ್ರೆಯ ದಂಡೆಯ ಕಾಲುದಾರಿ ಹಿಡಿಯಿರಿ. ಕೋದಂಡರಾಮ, ಅಚ್ಯುತರಾಯನ ಗುಡಿ, ರಾಜರ ತುಲಾಭಾರದ ಕಲ್ಲುಕಂಬ ನೋಡ್ತಾ ಸುಮಾರು ಎರಡು ಕಿ.ಮೀ. ನಡೆದರೆ ವಿಠ್ಠಲ ದೇವಸ್ಥಾನ. ನನ್ನ ಕೇಳಿದ್ರೆ ಕಲ್ಲಿನ ರಥಕ್ಕಿಂತ ಈ ದಾರಿಯೇ ಚೆಂದ!

ವಿಠ್ಠಲದಲ್ಲಿ ತಗೊಂಡ ಟಿಕೆಟ್ ಎಸೀಬೇಡಿ. ಅದೇ ದಿನ ಕಮಲ ಮಹಲಿಗೂ ಕಮಲಾಪುರದ ಮ್ಯೂಸಿಯಂಗೂ ಅದೇ ನಡೆಯುತ್ತೆ (ಮ್ಯೂಸಿಯಂಗೆ ಶುಕ್ರವಾರ ರಜೆ). ಆ ಕಡೆಗೆ ಆಟೊ ಬೇಕು, ಹತ್ತುವ ಮೊದಲೇ ರೇಟು ಮಾತಾಡ್ಕೊಳ್ಳಿ. ಹಜಾರ ರಾಮ ದೇವಸ್ಥಾನದ ಗೋಡೆಗಳ ರಾಮಾಯಣ ನೋಡೋಕೆ ಒಂದು ಗಂಟೆಯಾದ್ರೂ ಉಳಿಸ್ಕೊಳ್ಳಿ.