ಕಾಡುದಾರಿಯ ನೀರು ಎಲ್ಲಿ ಬಿಡಬೇಕು, ಎಲ್ಲಿ ಬಿಡಬಾರದು

ಧರೆ, ಅಂದರೆ ದಾರಿಗಾಗಿ ಗುಡ್ಡ ಕಡಿದ ಮಗ್ಗುಲು, ಕುಸಿದಾಗೆಲ್ಲ ನಾವು ಮಳೆಗೆ ಬೈಯುತ್ತೇವೆ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿ.ಮೀ. ಮಳೆ ಹೊಸದೇನಲ್ಲ, ಅಲ್ವಾ? ಹೊಸದು ಜೆಸಿಬಿ ದಾರಿ. ಗುಡ್ಡದ ತುಂಬ ಹರಡಿ ಇಳಿಯುತ್ತಿದ್ದ ನೀರನ್ನೂ, ಕಡಿದ ಧರೆಯಿಂದ ಜಿನುಗುವ ಒರತೆಯನ್ನೂ ಅದು ಒಟ್ಟು ಮಾಡಿ ಒಂದೇ ಕಡೆ ಸುರಿಯುತ್ತದೆ.

ತೋಟಕ್ಕೆ ಸೊಪ್ಪು ತರುವ ನಮ್ಮ ಸೊಪ್ಪಿನಬೆಟ್ಟದ ದಾರಿಯಲ್ಲಿ ಆದದ್ದೂ ಇದೇ. ದಾರಿಯಡಿಯ ಮೋರಿ ಬಾಯಿಗೆ ಒಂದು ಕೊಂಬೆ ಅಡ್ಡ ಬಿತ್ತು, ಅದಕ್ಕೆ ದರಕು (ಒಣಗಿದ ಎಲೆ) ಸಿಕ್ಕಿಕೊಂಡಿತು, ನೀರು ದಾರಿಯ ಮೇಲೇ ಹರಿದು ತಿರುವಿನಲ್ಲಿ ಕೆಳಗೆ ಹಾರಿತು. ಅಲ್ಲಿದ್ದದ್ದು ದಾರಿ ಕಡಿದಾಗ ತಳ್ಳಿದ ಸಡಿಲ ಮಣ್ಣು. ಬೆಳಿಗ್ಗೆ ನೋಡಿದರೆ ಎರಡು ಸಾಲು ಅಡಿಕೆ ಮರದ ಬುಡ ಕೆಸರಿನೊಳಗೆ.

ಹಾಗಾಗಿ ಮೊದಲು ಕೊಡೆ ಹಿಡಿದು ಹೋಗಿ, ಮಳೆಯಲ್ಲೇ ನೋಡಿ. ಧರೆಯ ಬುಡದಲ್ಲಿ ಮಾತ್ರ ನಿಲ್ಲಬೇಡಿ. ನೀರು ದಾರಿ ಬಿಟ್ಟು ಇಳಿಯುವ ಜಾಗಕ್ಕೆಲ್ಲ ಒಂದೊಂದು ಕೋಲು ಹುಗಿಯಿರಿ.

ಬೇಸಿಗೆಯಲ್ಲಿ ಕೆಲಸ. ಕೆಳಮಗ್ಗುಲು ಗಟ್ಟಿ ಇದ್ದರೆ ದಾರಿಯನ್ನೇ ಆ ಕಡೆ ಸ್ವಲ್ಪ ವಾಲಿಸಿ, 10 ಅಡಿ ಅಗಲಕ್ಕೆ 4ರಿಂದ 6 ಇಂಚು ಸಾಕು, ನೀರು ಒಟ್ಟಾಗುವುದೇ ಇಲ್ಲ. ಇಳಿಜಾರಿನಲ್ಲಿ ದಾರಿಗೆ ಅಡ್ಡಲಾಗಿ, ಆದರೆ ಓರೆಯಾಗಿ, ಸಣ್ಣ ಕಾಲುವೆ ತೆಗೆಯಿರಿ. 100 ಅಡಿಗೆ 10 ಅಡಿ ಇಳಿಯುವ ಕಡೆ ಸುಮಾರು 80 ಅಡಿಗೊಂದು, ಇನ್ನೂ ಕಡಿದಾಗಿದ್ದರೆ ಇನ್ನೂ ಹತ್ತಿರ. ನೇರ ಅಡ್ಡ ತೆಗೆದರೆ ಎರಡೇ ಮಳೆಗೆ ಮಣ್ಣು ತುಂಬಿ ಮುಚ್ಚುತ್ತದೆ.

ಎಲ್ಲಕ್ಕಿಂತ ಮುಖ್ಯ ನೀರು ಬೀಳುವ ಜಾಗ. ತಳ್ಳಿದ ಮಣ್ಣಿನ ಮೇಲೆ ಬೇಡವೇ ಬೇಡ. ಎರಡು ಗುಡ್ಡ ಕೂಡುವ ತಗ್ಗಿನ ತಲೆಯಲ್ಲೂ ಬೇಡ, ಅಲ್ಲಿ ಮಣ್ಣು ಆಳ, ಮೊದಲೇ ನೀರು ಕುಡಿದು ಕೂತಿರುತ್ತದೆ. ಮರಗಿಡ ಇರುವ, ಯಾರೂ ಮುಟ್ಟದ ನೆಲಕ್ಕೆ ಬಿಡಿ, ಬೀಳುವಲ್ಲಿ ಕಾಡುಕಲ್ಲು ಹಾಸಿ. ಮೋರಿಯ ಮೇಲ್ಬದಿಗೆ ನಾಲ್ಕು ಗೂಟ ಹೊಡೆದರೆ ಕೊಂಬೆ ಅಲ್ಲೇ ನಿಲ್ಲುತ್ತದೆ. ಜೂನ್ ಆರಂಭದ ಮೃಗಶಿರಾ ಮಳೆ ಹಿಡಿಯುವ ಮೊದಲು ಮೋರಿ ಬಾಯಿಯ ಕಸ ಬಿಡಿಸಿ, ಮಳೆಗಾಲದ ನಡುವೆ ಇನ್ನೊಮ್ಮೆ.

ಇಲಾಖೆಯ ಕಾಡಾದರೆ ಸುಮ್ನೆ ಗುದ್ದಲಿ ಹಾಕಬೇಡಿ, ಮೊದಲು ಫಾರೆಸ್ಟಿನವರಿಗೆ ಹೇಳಿ.

ದಾರಿಯ ಹೊರ ಅಂಚಿನಲ್ಲಿ ಅರ್ಧಚಂದ್ರದ ಹಾಗೆ ಬಿರುಕು ಬಿಟ್ಟಿದ್ದರೆ, ಇಲ್ಲವೇ ತಿಳಿಯಾಗಿದ್ದ ಒರತೆ ಇದ್ದಕ್ಕಿದ್ದ ಹಾಗೆ ಕೆಂಪಾದರೆ, ರಿಪೇರಿಯ ಹೊತ್ತು ಮೀರಿದೆ. ಗಾಡಿ ಓಡಾಟ ನಿಲ್ಲಿಸಿ. ಕೆಳಗಿನ ಮನೆಯವರನ್ನು ಕತ್ತಲಾಗುವ ಮೊದಲೇ ಹೊರಡಿಸಿ ಕರೆದುಕೊಂಡು ಬನ್ನಿ.