ಡಿಸ್ಕ್ 100% ಅಂತ ತೋರಿಸಿದರೆ

ಕಂಪ್ಯೂಟರ್ ಸ್ಲೋ ಆದರೆ ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವ ಮದ್ದು ಎರಡು. ಒಂದು, ಡೆಸ್ಕ್‌ಟಾಪ್ ಮೇಲೆ ರೈಟ್ ಕ್ಲಿಕ್ ಮಾಡಿ ರಿಫ್ರೆಶ್, ರಿಫ್ರೆಶ್ ಅಂತ ಒತ್ತೋದು. ಇನ್ನೊಂದು, ಫಾರ್ಮ್ಯಾಟ್ ಹೊಡೆಸೋದು. ರಿಫ್ರೆಶ್ ಒತ್ತಿದರೆ ಪರದೆ ಮೇಲಿನ ಐಕಾನ್‌ಗಳು ಇನ್ನೊಮ್ಮೆ ಮೂಡುತ್ತವೆ, ಅಷ್ಟೇ. ಫಾರ್ಮ್ಯಾಟ್ ಹೊಡೆಸಿದರೆ ಸ್ವಲ್ಪ ದಿನ ಚೆನ್ನಾಗಿರುತ್ತೆ, ಆಮೇಲೆ ಅದೇ ಕಥೆ.

ನಮ್ಮ ಮಾವನವರ ಲ್ಯಾಪ್‌ಟಾಪ್‌ಗೆ ಈ ಎರಡೂ ಆಗಿತ್ತು. ಆರನೇ ತಲೆಮಾರಿನ ಐ3 ಪ್ರೊಸೆಸರ್, 4 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್ ಡಿಸ್ಕ್, ವಿಂಡೋಸ್ 10. "ವೈರಸ್ ಹೊಕ್ಕಿರಬೇಕು ಅಳಿಯಂದ್ರೆ, ಇನ್ನೊಂದ್ಸಲ ಫಾರ್ಮ್ಯಾಟ್ ಮಾಡಿಸೋಣ" ಅಂದರು. ನಾನು ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ, ಯಾವ ಭಾಗ ಎಷ್ಟು ದುಡಿಯುತ್ತಿದೆ ಅಂತ ತೋರಿಸುವ ಟಾಸ್ಕ್ ಮ್ಯಾನೇಜರ್ ತೆಗೆದೆ. ಸಿಪಿಯು, ಅಂದರೆ ಪ್ರೊಸೆಸರ್, ಸುಮ್ನೆ ಕೂತಿತ್ತು. ಮೆಮೊರಿ, ಅಂದರೆ ರ‍್ಯಾಮ್, ತುಂಬುತ್ತಾ ಬಂದಿತ್ತು. ಡಿಸ್ಕ್ ಮಾತ್ರ ಕೆಂಪಗಾಗಿ 100%.

ಪರ್ಫಾರ್ಮೆನ್ಸ್ ಟ್ಯಾಬ್‌ನಲ್ಲಿ ನೋಡಿದರೆ ವಿಷಯ ಇನ್ನೂ ಸ್ಪಷ್ಟವಾಯಿತು. ಡಿಸ್ಕ್ ಪೂರ್ತಿ ಬ್ಯುಸಿ, ಆದರೆ ಓದುತ್ತಿದ್ದ ವೇಗ ಸೆಕೆಂಡಿಗೆ ಒಂದು ಎಂಬಿ ಆಸುಪಾಸು. ಇದು ಹೇಗೆ ಅಂತ ಅನ್ನಿಸುತ್ತೆ, ಅಲ್ವಾ? ಲೆಕ್ಕ ಹಾಕಿ ನೋಡಿ. ಆ ಡಿಸ್ಕ್ ಒಳಗಿನ ತಟ್ಟೆ ನಿಮಿಷಕ್ಕೆ 5400 ಸುತ್ತು ತಿರುಗುತ್ತೆ. ಅಂದರೆ ಒಂದು ಸುತ್ತಿಗೆ ಸುಮಾರು 11 ಮಿಲಿಸೆಕೆಂಡ್. ಬೇಕಾದ ಜಾಗ ಮಾಹಿತಿ ಓದುವ ಮುಳ್ಳಿನ ಕೆಳಗೆ ಬರೋಕೆ ಸರಾಸರಿ ಅರ್ಧ ಸುತ್ತು ಕಾಯಬೇಕು. ಅದಕ್ಕೂ ಮೊದಲು ಮುಳ್ಳು ಆ ಸಾಲಿಗೆ ಸರಿಯಬೇಕು. ಹೀಗಾಗಿ ಚದುರಿದ ಸಣ್ಣ ಫೈಲ್‌ಗಳನ್ನು ಓದುವಾಗ ಸೆಕೆಂಡಿಗೆ ನೂರು ಸಲ ಓದುವುದೂ ಕಷ್ಟ. ವಿಂಡೋಸ್ ಶುರುವಾಗುವಾಗ ಬೇಕಾಗೋದೇ ಇಂಥ ಸಾವಿರಾರು ಚೂರುಗಳು. ಮೇಲಿಂದ ರ‍್ಯಾಮ್ ಸಾಲದೆ ಹೋದಾಗ ಮಿಕ್ಕದ್ದನ್ನು ವಿಂಡೋಸ್ ಇದೇ ಡಿಸ್ಕ್‌ಗೆ ತಳ್ಳುತ್ತೆ. ಎಷ್ಟು ಸಲ ಫಾರ್ಮ್ಯಾಟ್ ಹೊಡೆದರೂ ಈ ಲೆಕ್ಕ ಬದಲಾಗಲ್ಲ.

ದುಡ್ಡು ಖರ್ಚಿಲ್ಲದ ಕೆಲಸ ಮೊದಲು ಮುಗಿಸಿದೆ. ಸ್ಟಾರ್ಟಪ್ ಟ್ಯಾಬ್‌ನಲ್ಲಿ ಬೇಡದ್ದನ್ನೆಲ್ಲ ಡಿಸೇಬಲ್ ಮಾಡಿದೆ. ಅವಧಿ ಮುಗಿದ ಆಂಟಿವೈರಸ್ ಒಂದು ಸುಮ್ನೆ ಓಡುತ್ತಿತ್ತು, ತೆಗೆದೆ. ವಿಂಡೋಸ್ ಜೊತೆಗೇ ಬರುವ ಡಿಫೆಂಡರ್ ಸಾಕು. ಸ್ವಲ್ಪ ಉಸಿರಾಡಿತು, ಆದರೆ ಜಾಸ್ತಿ ಏನಿಲ್ಲ. ಕಂಪ್ಯೂಟರ್ ವೇಗ ಮಾಡ್ತೀವಿ ಅನ್ನುವ ರಿಜಿಸ್ಟ್ರಿ ಕ್ಲೀನರ್, ರ‍್ಯಾಮ್ ಬೂಸ್ಟರ್‌ಗಳ ತಂಟೆಗೆ ನಾನು ಹೋಗಲ್ಲ. ಪ್ರಿಫೆಚ್ ಫೋಲ್ಡರ್ ಖಾಲಿ ಮಾಡಿ ಅಂತ ಬಹಳ ಜನ ಹೇಳಿಕೊಡ್ತಾರೆ. ಅದು ಇರೋದೇ ಪ್ರೋಗ್ರಾಂಗಳು ಬೇಗ ತೆರೆಯಲಿ ಅಂತ. ಅಳಿಸಿದರೆ ನಷ್ಟವೇ.

ಹಾಗಾಗಿ ಎಸ್‌ಎಸ್‌ಡಿ (ಚಿಪ್‌ಗಳಲ್ಲಿ ಮಾಹಿತಿ ಇಡುವ ಡಿಸ್ಕ್) ಹಾಕೋದು, ಜೊತೆಗೆ ರ‍್ಯಾಮ್ ಹೆಚ್ಚಿಸೋದು ಅಂತ ತೀರ್ಮಾನವಾಯಿತು. ಎಸ್‌ಎಸ್‌ಡಿಯಲ್ಲಿ ತಿರುಗುವ ತಟ್ಟೆಯೂ ಇಲ್ಲ, ಮುಳ್ಳೂ ಇಲ್ಲ, ಕಾಯುವ ಮಾತೇ ಇಲ್ಲ. ಹಳೇ ಡಿಸ್ಕ್ ಇದ್ದ ಜಾಗಕ್ಕೇ ಕೂರುವ ಎರಡೂವರೆ ಇಂಚಿನ ಸಾಟಾ ಮಾದರಿ ತೆಗೆದುಕೊಂಡೆ. ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ಹೆಸರೇ ಕೇಳದ ಕಂಪನಿಗಳ ಮಾಲೂ ಸಿಗುತ್ತೆ. ಬಿಲ್, ವಾರಂಟಿ ಇಲ್ಲದ್ದನ್ನು ಮುಟ್ಟಬೇಡಿ. ರ‍್ಯಾಮ್ ಕೊಳ್ಳುವ ಮುಂಚೆ ಅದರ ಬಗೆ ಡಿಡಿಆರ್3ಎಲ್ಲೋ ಡಿಡಿಆರ್4ಓ ನೋಡಿಕೊಳ್ಳಿ. ಆ ಕಾಲದ ಲ್ಯಾಪ್‌ಟಾಪ್‌ಗಳಲ್ಲಿ ಎರಡೂ ಇವೆ, ಒಂದರ ಜಾಗದಲ್ಲಿ ಇನ್ನೊಂದು ಕೂರಲ್ಲ. ಸ್ಲಾಟ್ ಖಾಲಿ ಇದೆಯಾ ಅನ್ನೋದನ್ನು ಟಾಸ್ಕ್ ಮ್ಯಾನೇಜರ್‌ನ ಮೆಮೊರಿ ಪುಟವೇ ಹೇಳುತ್ತೆ. ನಮ್ಮದರಲ್ಲಿ ಒಂದು ಖಾಲಿ ಇತ್ತು, ಇನ್ನೊಂದು 4 ಜಿಬಿ ಹಾಕಿದೆ.

ಬಿಚ್ಚುವ ಮುಂಚೆ ಬ್ಯಾಕಪ್. ಇಲ್ಲಿ ಕನ್ನಡದಲ್ಲಿ ಟೈಪ್ ಮಾಡುವವರು ನೆನಪಿಡಬೇಕಾದ ಒಂದು ವಿಷಯ ಇದೆ. ಮಾವನವರು ವರ್ಷಗಟ್ಟಲೆ ನುಡಿ ಅನ್ನೋ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಬರೆದಿಟ್ಟ ಫೈಲ್‌ಗಳು ಯುನಿಕೋಡ್ (ಈಗ ಎಲ್ಲ ಕಡೆ ಬಳಸುವ ಅಕ್ಷರ ಸಂಕೇತ) ಅಲ್ಲ, ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡ ಕೂರಿಸಿದ ಹಳೇ ಆಸ್ಕಿ ಫಾಂಟ್‌ನವು. ಅದೇ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ತೆಗೆದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತೆ. ಫೈಲ್‌ಗಳ ಜೊತೆಗೆ ಫಾಂಟ್‌ಗಳನ್ನೂ ಕಾಪಿ ಮಾಡಿಕೊಂಡೆ.

ಹಿಂಬದಿಯ ಸ್ಕ್ರೂಗಳಲ್ಲಿ ಉದ್ದದ್ದು, ಗಿಡ್ಡದ್ದು ಬೇರೆ ಬೇರೆ ಇರುತ್ತವೆ. ಉದ್ದದ್ದನ್ನು ಗಿಡ್ಡದ್ದರ ತೂತಿಗೆ ಬಿಗಿದರೆ ಕೀಬೋರ್ಡ್ ಕಡೆ ಉಬ್ಬುತ್ತೆ. ಒಂದು ಹಾಳೆ ಮೇಲೆ ಲ್ಯಾಪ್‌ಟಾಪ್‌ನ ಆಕಾರ ಬರೆದು, ಯಾವುದು ಎಲ್ಲಿಂದ ಬಂತೋ ಅಲ್ಲೇ ಟೇಪ್ ಹಾಕಿ ಅಂಟಿಸಿದೆ. ಎಲ್ಲಾ ಬಿಚ್ಚಿದರೂ ಮುಚ್ಚಳ ಏಳದಿದ್ದರೆ ಎಳೆದಾಡಬೇಡಿ, ರಬ್ಬರ್ ಪಾದಗಳ ಕೆಳಗೆ ನೋಡಿ. ನಮಗೆ ಎರಡು ಅಲ್ಲೇ ಸಿಕ್ಕವು. ಹಳೇ ಎಟಿಎಂ ಕಾರ್ಡ್ ತೂರಿಸಿ ಅಂಚಿನುದ್ದಕ್ಕೂ ಸವರಿದರೆ ಟಕ್ ಟಕ್ ಅಂತ ಬಿಟ್ಟುಕೊಳ್ಳುತ್ತೆ. ಮೊದಲು ಬ್ಯಾಟರಿ ವೈರ್ ಕಳಚಿ, ಆಮೇಲೆ ಮಿಕ್ಕದ್ದು. ಫ್ಯಾನ್‌ನ ಬಾಯಿಗೆ ಧೂಳು ಬಟ್ಟೆಯ ಹಾಗೆ ಕಟ್ಟಿಕೊಂಡಿತ್ತು, ಬ್ರಷ್‌ನಿಂದ ತೆಗೆದೆ. ಬಿಸಿ ಹೊರಗೆ ಹೋಗದಿದ್ದರೆ ಪ್ರೊಸೆಸರ್ ತಾನಾಗೇ ವೇಗ ಇಳಿಸಿಕೊಳ್ಳುತ್ತೆ.

ಹಳೇ ಡಿಸ್ಕ್ ಅನ್ನು ಕ್ಲೋನ್ ಮಾಡದೆ, ಅಂದರೆ ಇದ್ದದ್ದನ್ನೆಲ್ಲ ಹಾಗೇ ನಕಲಿಸದೆ, ಪೆನ್‌ಡ್ರೈವ್‌ನಿಂದ ವಿಂಡೋಸ್ ಹೊಸದಾಗಿ ಹಾಕಿದೆ. ವರ್ಷಗಳ ಕಸವನ್ನು ಹೊಸ ಮನೆಗೆ ಯಾಕೆ ಹೊರಬೇಕು? ಲೈಸೆನ್ಸ್ ಮದರ್‌ಬೋರ್ಡ್‌ಗೆ ಅಂಟಿಕೊಂಡಿರುವುದರಿಂದ ನೆಟ್ ಸಿಕ್ಕ ಕೂಡಲೇ ತಾನೇ ಆಕ್ಟಿವೇಟ್ ಆಯಿತು. ಈಗ ಆನ್ ಮಾಡಿ ಕನ್ನಡಕ ಹುಡುಕಿಕೊಳ್ಳುವಷ್ಟರಲ್ಲಿ ರೆಡಿ ಇರುತ್ತೆ. ಹಳೇ ಡಿಸ್ಕ್ ಅನ್ನು ಯುಎಸ್‌ಬಿ ಕೇಸ್‌ಗೆ ಹಾಕಿ ಫೋಟೋ ಇಡೋಕೆ ಕೊಟ್ಟೆ. ಎಸ್‌ಎಸ್‌ಡಿಗೆ ಡಿಫ್ರಾಗ್ (ಚದುರಿದ ಚೂರುಗಳನ್ನು ಒಟ್ಟು ಜೋಡಿಸುವ ಕೆಲಸ) ಬೇಡ ಅಂತಲೂ ಹೇಳಿದ್ದೇನೆ. ಅದಕ್ಕೆ ಬೇಕಾದ ಟ್ರಿಮ್ ಕೆಲಸವನ್ನು, ಅಂದರೆ ಅಳಿಸಿದ ಜಾಗ ಯಾವುದು ಅಂತ ಎಸ್‌ಎಸ್‌ಡಿಗೆ ತಿಳಿಸುವುದನ್ನು, ವಿಂಡೋಸ್ ತಾನೇ ನೋಡಿಕೊಳ್ಳುತ್ತೆ.

ಇನ್ನೊಂದು ಬಾಕಿ ಇದೆ. ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಗೆ ಇಂಟೆಲ್‌ನಲ್ಲಿ ಸಾಮಾನ್ಯವಾಗಿ ಎಂಟನೇ ತಲೆಮಾರಾದರೂ ಬೇಕು, ಮಾವನವರದು ಆರನೇದು. ಅದಕ್ಕೆ ವಿಂಡೋಸ್ ಬದಲು ಬಳಸಬಹುದಾದ ಲಿನಕ್ಸ್ ಮಿಂಟ್ ಅನ್ನು ಪೆನ್‌ಡ್ರೈವ್‌ನಲ್ಲೇ ಓಡಿಸಿ ತೋರಿಸಿದೆ. ನುಡಿಯಲ್ಲಿ ಬಳಸುವ, ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸ ಅದರಲ್ಲಿ ಕಗಪ ಅನ್ನೋ ಹೆಸರಲ್ಲಿ ಇದೆ. ನುಡಿಯಲ್ಲಿ ಓಡುತ್ತಿದ್ದ ಬೆರಳು ಅಲ್ಲೂ ಹಾಗೇ ಓಡಿತು. ಪ್ರಿಂಟರ್ ಸರಿಯಾಗಿ ಕೆಲಸ ಮಾಡಿದರೆ ಬದಲಾಯಿಸೋಣ ಅಂತ ಮಾವನವರು ಅಂದಿದ್ದಾರೆ.