ಮೈಸೂರಲ್ಲಿ ಒಬ್ಬ ಸ್ಟೂಡೆಂಟ್ ಜೊತೆ ಊರು ಸುತ್ತೋದು ಹೇಗೆ

ಮೈಸೂರಿಗೆ ಬಂದೋರು ಸಾಮಾನ್ಯವಾಗಿ ಅರಮನೆ ನೋಡ್ತಾರೆ, ಝೂ ನೋಡ್ತಾರೆ, ಬೆಟ್ಟ ಹತ್ತಿ ಇಳೀತಾರೆ, ಸಂಜೆ ಬೃಂದಾವನಕ್ಕೆ ಹೋಗ್ತಾರೆ, ಅಲ್ಲಿಗೆ ಮೈಸೂರು ಮುಗೀತು. ಅದ್ರಲ್ಲಿ ತಪ್ಪೇನಿಲ್ಲ, ಆದ್ರೆ ಇದೇ ಊರೊಳಗೆ ಒಂದು ಯೂನಿವರ್ಸಿಟಿ ಊರೂ ಇದೆ, ಜೆಎಲ್‌ಬಿ (ಝಾನ್ಸಿ ಲಕ್ಷ್ಮೀಬಾಯಿ) ರಸ್ತೆಯಿಂದ ಹಿಡಿದು ಕುಕ್ಕರಹಳ್ಳಿ ಕೆರೆ ದಾಟಿ ಗಂಗೋತ್ರಿ (ಯೂನಿವರ್ಸಿಟಿಯ ಸ್ನಾತಕೋತ್ತರ, ಅಂದ್ರೆ ಪಿಜಿ ಕ್ಯಾಂಪಸ್ಸು ಮಾನಸಗಂಗೋತ್ರಿ) ತನಕ ಹರಡಿರೋದು, ಅದು ಟೂರಿಸ್ಟ್ ಬಸ್ಸಿನ ಕಿಟಕಿಗೆ ಸಿಗಲ್ಲ. ಅದನ್ನ ತೋರ್ಸೋಕೆ ಅಲ್ಲೇ ಓದ್ತಿರೋ ಹುಡುಗ ಹುಡುಗೀರೇ ಸರಿ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಅರಮನೆ ಗೈಡ್‌ಗೆ ಅರಮನೆ ಗೊತ್ತು, ಸ್ಟೂಡೆಂಟ್‌ಗೆ ಯಾವ ಕಾರಿಡಾರಲ್ಲಿ ಗಾಳಿ ಚೆನ್ನಾಗಿ ಬರುತ್ತೆ, ಯಾವ ಕ್ಲಾಸ್‌ರೂಮು ಮಳೆಗೆ ಸೋರುತ್ತೆ, ಅಲ್ಲಿ ಹಿಂದೆ ಯಾರ್ಯಾರು ಪಾಠ ಮಾಡಿದ್ರು ಎಲ್ಲಾ ಗೊತ್ತು.

ಮೊದಲು ಸ್ಟೂಡೆಂಟನ್ನ ಹುಡ್ಕೋದು ಎಲ್ಲಿ ಅಂತ ಹೇಳ್ಬಿಡ್ತೀನಿ. ಮಾನಸಗಂಗೋತ್ರೀಲಿ ಇತಿಹಾಸ, ಪ್ರಾಚೀನ ಇತಿಹಾಸ ಮತ್ತು ಪುರಾತತ್ವ, ಜಾನಪದ, ಕನ್ನಡ, ಟೂರಿಸಂ ಓದೋ ಪಿಜಿ ಮಕ್ಳು ಇದ್ದಾರೆ. ಸೀದಾ ಡಿಪಾರ್ಟ್‌ಮೆಂಟ್ ಆಫೀಸಿಗೆ ಹೋಗಿ, ಅಲ್ಲಿರೋ ಮೇಷ್ಟ್ರು ಅಥವಾ ಮೇಡಂ ಹತ್ರ "ಸಾರ್, ನಾವು ಇಂಥ ಊರಿಂದ ಬಂದಿದ್ದೀವಿ, ಊರು ನಡ್ಕೊಂಡು ನೋಡ್ಬೇಕು, ಆಸಕ್ತಿ ಇರೋ ಮಕ್ಳು ಯಾರಾದ್ರೂ ಇದ್ದಾರಾ" ಅಂತ ಕೇಳಿ. ಹೀಗೆ ಮೇಷ್ಟ್ರ ಮೂಲಕ ಹೋದ್ರೆ ಎರಡು ಕಡೆಗೂ ನಂಬಿಕೆ ಇರುತ್ತೆ, ಹುಡುಗಿ ಬರೋದಾದ್ರೆ ಅವ್ಳ ಮನೆಯೋರಿಗೂ ಧೈರ್ಯ. ಇಬ್ರು ಸ್ಟೂಡೆಂಟ್ಸ್ ಒಟ್ಟಿಗೆ ಬಂದ್ರೆ ಇನ್ನೂ ಚೆನ್ನ, ಒಬ್ರು ಬಿಟ್ಟಿದ್ದನ್ನ ಇನ್ನೊಬ್ರು ಹೇಳ್ತಾರೆ, ಕೆಲವು ಸಲ ಅವರವರೇ ವಾದ ಮಾಡ್ತಾರೆ, ಆ ವಾದದಲ್ಲೇ ಎಷ್ಟೋ ವಿಷಯ ಹೊರಗೆ ಬರುತ್ತೆ. ಇನ್ನೊಂದು ದಾರಿ ಅಂದ್ರೆ ದಸರಾ ಟೈಮಲ್ಲಿ, ಏಪ್ರಿಲ್ 18ರ ವಿಶ್ವ ಪರಂಪರೆ ದಿನದ ಆಸುಪಾಸಲ್ಲಿ ಪುರಾತತ್ವ ಇಲಾಖೆ ಪಾರಂಪರಿಕ ನಡಿಗೆ ಮಾಡುತ್ತೆ, ಅದಕ್ಕೆ ಕಾಲೇಜು ಮಕ್ಳು ತುಂಬಾ ಬರ್ತಾರೆ, ಅಲ್ಲಿ ಪರಿಚಯ ಮಾಡ್ಕೊಂಡ್ರೆ ಆಮೇಲೆ ನಿಮ್ಮ ಮನೆಯೋರನ್ನ ಕರ್ಕೊಂಡು ಬಂದಾಗ ಫೋನ್ ಮಾಡ್ಬಹುದು.

ಫೋನ್ ಮಾಡೋಕೆ ಮುಂಚೆ ಎಕ್ಸಾಮ್ ಯಾವಾಗ ಅಂತ ಕೇಳಿ ಮಾರಾಯ್ರೇ. ಸೆಮಿಸ್ಟರ್ ಪದ್ಧತೀಲಿ ಇಂಟರ್ನಲ್ಸು, ಸೆಮಿನಾರು, ಅಸೈನ್‌ಮೆಂಟು ಅಂತ ಏನಾದ್ರೂ ಒಂದು ನಡೀತಾನೇ ಇರುತ್ತೆ, ದೊಡ್ಡೋರು ಕೇಳಿದ್ರಲ್ಲ ಅಂತ ಸಂಕೋಚಕ್ಕೆ ಹೂಂ ಅಂದ್ಬಿಡೋ ಮಕ್ಳೂ ಇರ್ತಾರೆ.

ದುಡ್ಡಿನ ಮಾತು ಮೊದಲೇ ಆಡಿ. ಇದನ್ನ ಯಾಕೆ ಒತ್ತಿ ಹೇಳ್ತೀನಿ ಅಂದ್ರೆ ಗಂಗೋತ್ರಿ ಹಾಸ್ಟೆಲ್‌ಗಳಲ್ಲಿ ಇರೋರಲ್ಲಿ ಮಂಡ್ಯ, ಚಾಮರಾಜನಗರ, ಎಚ್.ಡಿ. ಕೋಟೆ ಕಡೆ ಹಳ್ಳಿ ಮಕ್ಳು ತುಂಬಾ ಜನ, ತಿಂಗಳ ಖರ್ಚಿಗೆ ಒಂದೊಂದು ರೂಪಾಯಿ ಲೆಕ್ಕ ಹಾಕೋರು, ಅವ್ರು ಬಾಯಿಬಿಟ್ಟು ಕೇಳಲ್ಲ. "ಸ್ಟೂಡೆಂಟ್ ತಾನೆ, ಒಂದು ಮಸಾಲೆ ದೋಸೆ ಕೊಡ್ಸಿದ್ರೆ ಆಯ್ತು" ಅನ್ನೋ ಮನೋಭಾವ ಬಿಡಿ. ಅರ್ಧ ದಿನದ ನಡಿಗೆ, ನೀವು ನಾಲ್ಕೈದು ಜನ ಇದ್ದೀರಿ ಅಂದ್ರೆ ಒಟ್ಟು 1000 ರೂಪಾಯಿಗಿಂತ ಕಮ್ಮಿ ಕೊಡ್ಬೇಡಿ ಅಂತೀನಿ, ಇಬ್ರು ಬಂದ್ರೆ ಒಬ್ಬೊಬ್ರಿಗೂ ಅಷ್ಟು. ತಿಂಡಿ ಕಾಫಿ ಅದರ ಮೇಲೆ, ಅದನ್ನ ಲೆಕ್ಕಕ್ಕೆ ಹಿಡೀಬೇಡಿ. ಹಾಗೇ ಅರಮನೆ ಒಳಗೆ ಸ್ಟೂಡೆಂಟ್ ಕೈಲಿ ಗೈಡ್ ಕೆಲಸ ಮಾಡಿಸ್ಬೇಡಿ, ಅಲ್ಲಿ ಲೈಸೆನ್ಸ್ ಇರೋ ಗೈಡ್‌ಗಳಿದ್ದಾರೆ, ಅದು ಅವ್ರ ಹೊಟ್ಟೆಪಾಡು. ಅರಮನೆ ಇನ್ನೊಂದು ದಿನ ನೋಡ್ಕೊಳಿ.

ಯಾವ ದಿನ ಹೋಗ್ಬೇಕು ಅನ್ನೋದಕ್ಕೆ ನನ್ನ ಉತ್ತರ ಶನಿವಾರ ಬೆಳಗ್ಗೆ. ಭಾನುವಾರ ರಸ್ತೆ ಖಾಲಿ, ನಡ್ಯೋಕೆ ಸುಖ, ಆದ್ರೆ ಕಾಲೇಜು, ಆಫೀಸು ಎಲ್ಲಾ ಬೀಗ, ಹೊರಗಿಂದ ಗೋಡೆ ನೋಡ್ಕೊಂಡು ಬರ್ಬೇಕು. ವಾರದ ಮಧ್ಯ ಆದ್ರೆ ಅವ್ರಿಗೆ ಕ್ಲಾಸಿರುತ್ತೆ. ಎರಡನೇ ಶನಿವಾರ, ನಾಲ್ಕನೇ ಶನಿವಾರ ಸರ್ಕಾರಿ ರಜಾ, ಅದು ಮಾತ್ರ ನೋಡ್ಕೊಳಿ. ಬೆಳಗ್ಗೆ ಏಳಕ್ಕೇ ಶುರು ಮಾಡಿ, ಮಾರ್ಚ್‌ನಿಂದ ಮೇ ತನಕ ಹತ್ತು ಗಂಟೆ ಮೇಲೆ ಬಿಸಿಲು ತಲೆ ಸುಡುತ್ತೆ, ಜೂನ್ ಆದ್ಮೇಲೆ ಛತ್ರಿ ಬೇಕೇ ಬೇಕು. ಹಳೇ ಶೂ ಹಾಕ್ಕೊಳಿ, ನೀರಿನ ಬಾಟ್ಲಿ ಇಟ್ಕೊಳಿ, ಮನೆಯಿಂದ ಹೊರಡೋಕೆ ಮುಂಚೆ ಟಾಯ್ಲೆಟ್‌ಗೆ ಹೋಗಿ ಬನ್ನಿ, ದಾರೀಲಿ ಒಳ್ಳೇದು ಸಿಗೋದು ಕಷ್ಟ. ಮಂಡಿ ನೋವಿರೋ ಅಪ್ಪ ಅಮ್ಮನ್ನ ಕರ್ಕೊಂಡು ಬಂದಿದ್ರೆ ದೇವರಾಜ ಮಾರ್ಕೆಟ್‌ನಿಂದ ಮಹಾರಾಜ ಕಾಲೇಜಿಗೆ ಆಟೋ ಹತ್ಸಿ, ಪೂರ್ತಿ ನಡೀಲೇಬೇಕು ಅಂತ ಹಠ ಬೇಡ.

ದಾರಿ ಹೀಗೆ ಇಟ್ಕೊಳಿ. ಪುರಭವನದ ಮುಂದೆ ಸೇರಿ. ಅದು 1884ರದ್ದು, ದಿವಾನ್ ರಂಗಾಚಾರ್ಲು ನೆನಪಿಗೆ ಕಟ್ಟಿದ್ದು, 1881ರಲ್ಲಿ ಮೈಸೂರು ಪ್ರಜಾಪ್ರತಿನಿಧಿ ಸಭೆ ಶುರುವಾಗಿದ್ದು ಅವ್ರ ಕಾಲದಲ್ಲೇ. ಪಕ್ಕದಲ್ಲೇ ದೊಡ್ಡ ಗಡಿಯಾರ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಗೆ 25 ವರ್ಷ ತುಂಬಿದ್ದಕ್ಕೆ 1927ರಲ್ಲಿ ಎದ್ದಿದ್ದು. ಅಲ್ಲಿಂದ ಕೆ.ಆರ್. ಸರ್ಕಲ್, ಅಲ್ಲಿ ರಸ್ತೆ ದಾಟುವಾಗ ಸ್ಟೂಡೆಂಟ್ ಹೇಳ್ದಂಗೆ ಕೇಳಿ, ಅವ್ರಿಗೆ ಯಾವ ಕಡೆಯಿಂದ ಬಸ್ಸು ತಿರುಗುತ್ತೆ ಅಂತ ಗೊತ್ತು. ದೇವರಾಜ ಮಾರ್ಕೆಟ್ ಒಳಗೆ ಹೊಕ್ಕು ಹೂವು, ವೀಳ್ಯದೆಲೆ, ಅರಿಶಿನ ಕುಂಕುಮದ ಸಾಲು ದಾಟಿ ಚಿಕ್ಕ ಗಡಿಯಾರದ ಕಡೆ ಹೊರಬನ್ನಿ. 2016ರಲ್ಲಿ ಈ ಮಾರ್ಕೆಟ್‌ನ ಒಂದು ಭಾಗ ಕುಸಿದು ಬಿತ್ತು, ಅದಕ್ಕೂ ಮುಂಚೆ 2012ರಲ್ಲಿ ಹತ್ತಿರದ ಲ್ಯಾನ್ಸ್‌ಡೌನ್ ಕಟ್ಟಡದ ಭಾಗ ಬಿದ್ದು ಜನ ತೀರ್ಕೊಂಡ್ರು. ಕೆಡವಿ ಹೊಸದಾಗಿ ಕಟ್ಟಬೇಕಾ, ಇರೋದನ್ನೇ ರಿಪೇರಿ ಮಾಡಿ ಉಳಿಸಬೇಕಾ ಅಂತ ಊರೆಲ್ಲಾ ವಾದ ಆಯ್ತು. ಈ ಜಾಗದಲ್ಲಿ ನಿಂತು ನಿಮ್ಮ ಸ್ಟೂಡೆಂಟ್ ಅಭಿಪ್ರಾಯ ಏನು ಅಂತ ಕೇಳಿ, ಪುರಾತತ್ವ ಓದೋರು ಗಾರೆ, ಮದ್ರಾಸ್ ತಾರಸಿ (ಮರದ ತೊಲೆ ಮೇಲೆ ಇಟ್ಟಿಗೆ ಜೋಡ್ಸಿ ಮಾಡೋ ಚಾವಣಿ) ಅಂತ ಹೇಳ್ತಾರೆ, ಅಂಗಡಿಯೋರ ಮನೆ ಮಗು ಆದ್ರೆ ಬಾಡಿಗೆ, ವ್ಯಾಪಾರ ಅಂತ ಹೇಳುತ್ತೆ.

ಮಾರ್ಕೆಟ್‌ನಲ್ಲಿ ಜಾಸ್ತಿ ಹೊತ್ತು ಕಳೀಬೇಡಿ, ಅದನ್ನ ನೀವೇ ಬಂದು ನೋಡ್ಬಹುದು. ಅರಸು ರಸ್ತೆ ಹಿಡ್ದು ಪಶ್ಚಿಮಕ್ಕೆ ನಡೆದ್ರೆ ಜೆಎಲ್‌ಬಿ ರಸ್ತೆ ಸಿಗುತ್ತೆ, ಇಲ್ಲಿಂದ ಮುಂದೆ ನಿಧಾನಕ್ಕೆ ಹೋಗಿ.

ಮಹಾರಾಜ ಕಾಲೇಜು ಯೂನಿವರ್ಸಿಟಿಗಿಂತ ಹಳೇದು. ಯೂನಿವರ್ಸಿಟಿ ಹುಟ್ಟಿದ್ದು 1916ರ ಜುಲೈ 27ಕ್ಕೆ, ನಾಲ್ವಡಿಯವ್ರು ರಾಜ, ವಿಶ್ವೇಶ್ವರಯ್ಯನವ್ರು ದಿವಾನ್, ಎಚ್.ವಿ. ನಂಜುಂಡಯ್ಯ ಮೊದಲನೇ ವೈಸ್ ಚಾನ್ಸಲರ್. ಆಗ ಇದ್ದಿದ್ದು ಇಲ್ಲಿ ಮಹಾರಾಜ ಕಾಲೇಜು, ಬೆಂಗಳೂರಲ್ಲಿ ಸೆಂಟ್ರಲ್ ಕಾಲೇಜು. ಇಲ್ಲಿ ಕೆಲವ್ರು "ಇಂಡಿಯಾದ ಮೊದಲ ಯೂನಿವರ್ಸಿಟಿ" ಅಂತ ಹೇಳೋದು ಕಿವಿಗೆ ಬೀಳುತ್ತೆ, ಅದು ಸರಿಯಲ್ಲ, ಕಲ್ಕತ್ತಾ, ಬಾಂಬೆ, ಮದ್ರಾಸ್ ಮೂರೂ 1857ರಲ್ಲೇ ಶುರುವಾಗಿದ್ವು. ಬ್ರಿಟಿಷರ ನೇರ ಆಳ್ವಿಕೆ ಇಲ್ದೇ ಇರೋ ಸಂಸ್ಥಾನದಲ್ಲಿ ಎದ್ದ ಮೊದಲನೇದು ಮೈಸೂರಿಂದು, ಹೆಮ್ಮೆಪಡೋಕೆ ಅಷ್ಟು ಧಾರಾಳವಾಗಿ ಸಾಕು.

ಈ ಕಾಲೇಜಲ್ಲಿ ರಾಧಾಕೃಷ್ಣನ್ 1918ರಿಂದ 1921ರ ತನಕ ಫಿಲಾಸಫಿ ಪಾಠ ಮಾಡಿದ್ರು. ಕಲ್ಕತ್ತಾಗೆ ಹೊರಟಾಗ ಮಕ್ಳು ಹೂವಿನ ಅಲಂಕಾರ ಮಾಡಿದ ಗಾಡೀಲಿ ಅವ್ರನ್ನ ಕೂರ್ಸಿ, ಕುದುರೆ ಬಿಚ್ಚಿ, ತಾವೇ ರೈಲ್ವೆ ಸ್ಟೇಷನ್ ತನಕ ಎಳ್ಕೊಂಡು ಹೋದ್ರು ಅನ್ನೋ ಕಥೆ ಎಲ್ರೂ ಹೇಳ್ತಾರೆ. ಆ ಕಥೆ ಕೇಳಿ ಸುಮ್ನೆ ತಲೆ ಆಡಿಸಿ ಮುಂದೆ ಹೋಗ್ಬೇಡಿ, ಕಾಲೇಜಿಂದ ಸ್ಟೇಷನ್‌ಗೆ ದಾರಿ ಯಾವ್ದು ಅಂತ ತೋರ್ಸೋಕೆ ಹೇಳಿ, ಸ್ಟೇಷನ್ ದೂರ ಏನಿಲ್ಲ, ಕಾಲಿಗೆ ಶಕ್ತಿ ಇದ್ರೆ ಒಂದಷ್ಟು ದೂರ ನಡೆದೇ ನೋಡಿ. ಕುವೆಂಪು ಇಲ್ಲೇ ವಿದ್ಯಾರ್ಥಿ, ಇಲ್ಲೇ ಮೇಷ್ಟ್ರು, ಇಲ್ಲೇ ಪ್ರಿನ್ಸಿಪಾಲ್, ಆಮೇಲೆ 1956ರಿಂದ 60ರ ತನಕ ಇಡೀ ಯೂನಿವರ್ಸಿಟಿಗೆ ವೈಸ್ ಚಾನ್ಸಲರ್. ಬಿ.ಎಂ.ಶ್ರೀ, ಟಿ.ಎಸ್. ವೆಂಕಣ್ಣಯ್ಯ, ಎಂ. ಹಿರಿಯಣ್ಣ ಎಲ್ಲಾ ಇಲ್ಲಿ ಪಾಠ ಮಾಡಿದೋರು. ಜೂನಿಯರ್ ಬಿಎ ಹಾಲ್ ತೋರ್ಸಿ ಅಂತ ಕೇಳಿ, ಕನ್ನಡ ಸಾಹಿತ್ಯ ಓದ್ಕೊಂಡು ಬೆಳೆದೋರಿಗೆ ಆ ಹಾಲ್ ಬಾಗಿಲಲ್ಲಿ ನಿಂತ್ರೆ ಮೈ ಜುಂ ಅನ್ನುತ್ತೆ. ಒಳಗೆ ಹೋಗೋಕೆ ಮುಂಚೆ ಗೇಟಲ್ಲಿ ಸೆಕ್ಯುರಿಟಿಗೆ ಹೇಳಿ, ಆಫೀಸಲ್ಲಿ ಅನುಮತಿ ಕೇಳಿ, ಕ್ಲಾಸ್ ನಡೀತಿದ್ರೆ ಕಿಟಕೀಲಿ ಇಣುಕಿ ಫೋಟೋ ತೆಗೀಬೇಡಿ, ಅಲ್ಲಿ ಕೂತಿರೋದು ನಿಮ್ಮ ಸ್ಟೂಡೆಂಟ್‌ನ ಫ್ರೆಂಡ್ಸು, ಅವ್ರಿಗೆ ಮುಜುಗರ ಆಗುತ್ತೆ.

ಕೃಷ್ಣರಾಜ ಬುಲೆವಾರ್ಡ್ ರಸ್ತೆಗೆ ಬಂದ್ರೆ ಓರಿಯೆಂಟಲ್ ರಿಸರ್ಚ್ ಇನ್‌ಸ್ಟಿಟ್ಯೂಟ್. ಇದು 1891ರಲ್ಲಿ ಓರಿಯೆಂಟಲ್ ಲೈಬ್ರರಿ ಅಂತ ಶುರುವಾಗಿದ್ದು. ನನ್ನ ಮಟ್ಟಿಗೆ ಮೈಸೂರಲ್ಲಿ ಇದಕ್ಕಿಂತ ದೊಡ್ಡ ಜಾಗ ಇಲ್ಲ, ಅರಮನೇನೂ ಸೇರಿಸಿ ಹೇಳ್ತಿದ್ದೀನಿ. ತಂಜಾವೂರು ಕಡೆಯ ಪಂಡಿತರೊಬ್ರು ತಂದುಕೊಟ್ಟ ಗ್ರಂಥಲಿಪಿ (ತಮಿಳು ನಾಡಲ್ಲಿ ಸಂಸ್ಕೃತ ಬರೆಯೋಕೆ ಬಳಸ್ತಿದ್ದ ಲಿಪಿ) ತಾಳೆಗರಿ ಕಟ್ಟಲ್ಲಿ ಕೌಟಿಲ್ಯನ ಅರ್ಥಶಾಸ್ತ್ರ ಇತ್ತು, ಅದನ್ನ ಗುರುತಿಸಿ ಓದಿ 1909ರಲ್ಲಿ ಅಚ್ಚು ಹಾಕ್ಸಿದ್ದು ಇಲ್ಲಿ ಲೈಬ್ರೇರಿಯನ್ ಆಗಿದ್ದ ಆರ್. ಶಾಮಶಾಸ್ತ್ರಿ. ಅದಕ್ಕೆ ಮುಂಚೆ ಆ ಗ್ರಂಥ ಇತ್ತು ಅಂತ ಬೇರೆ ಪುಸ್ತಕಗಳ ಉಲ್ಲೇಖದಿಂದ ಗೊತ್ತಿತ್ತೇ ಹೊರತು ಪೂರ್ತಿ ಪಾಠ ವಿದ್ವಾಂಸರ ಕೈಗೆ ಸಿಕ್ಕಿರ್ಲಿಲ್ಲ. ದೇಶದ ಇತಿಹಾಸ ಬರೆಯೋರೆಲ್ಲ ಮತ್ತೆ ಕೂತು ಯೋಚ್ನೆ ಮಾಡೋಹಂಗೆ ಆಯ್ತು, ಅಷ್ಟು ದೊಡ್ಡ ಕೆಲಸ ಈ ಕಟ್ಟಡದ ಒಬ್ಬ ಲೈಬ್ರೇರಿಯನ್ನಿಂದ. ತಾಳೆಗರಿ ನೋಡ್ಬೇಕಂದ್ರೆ ಹಿಂದಿನ ದಿನವೇ ಅನುಮತಿ ಕೇಳಿಟ್ಕೊಳಿ, ತೋರ್ಸಿದ್ರೆ ಮುಟ್ಟಬೇಡಿ, ಫ್ಲ್ಯಾಶ್ ಹಾಕ್ಬೇಡಿ. ಅವ್ರು ಗರಿ ಕಾಪಾಡೋಕೆ ಏನು ಎಣ್ಣೆ ಹಚ್ತಾರೆ, ಸಿಟ್ರೊನೆಲ್ಲಾ ಎಣ್ಣೆ ಯಾಕೆ ಬಳಸ್ತಾರೆ ಅಂತ ಕೇಳಿ, ಹುಳ ಹತ್ರ ಬರದೇ ಇರ್ಲಿ, ಗರಿ ಒಣಗಿ ಮುರೀದೇ ಇರ್ಲಿ ಅಂತ ಮಾಡೋ ಕೆಲಸ ಅದು.

ಮುಂದೆ ಓವಲ್ ಮೈದಾನದ ಪಕ್ಕ ಹಾದು ಕ್ರಾಫರ್ಡ್ ಹಾಲ್, ಅದು ಯೂನಿವರ್ಸಿಟಿ ಆಡಳಿತ ಕಚೇರಿ, ಹೊರಗಿಂದ ನೋಡಿದ್ರೆ ಸಾಕು. ಮಾರ್ಕ್ಸ್ ಕಾರ್ಡ್‌ಗೆ ಅಲ್ಲಿ ಕ್ಯೂ ನಿಂತ ಅನುಭವ ಕೇಳಿದ್ರೆ ಯಾವ ಸ್ಟೂಡೆಂಟಾದ್ರೂ ಹತ್ತು ನಿಮಿಷ ಮಾತಾಡ್ತಾರೆ. ರೈಲ್ವೆ ಗೇಟ್ ಹಾಕಿದ್ರೆ ತಾಳ್ಮೆಯಿಂದ ನಿಂತ್ಕೊಳಿ. ದಾಟಿದ್ರೆ ಕುಕ್ಕರಹಳ್ಳಿ ಕೆರೆ, 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಕಟ್ಸಿದ್ದು, ಆಗ ಹೊಲಗದ್ದೆಗೆ ನೀರಿಗೆ ಅಂತ. ಕುವೆಂಪು ಇಲ್ಲಿ ವಾಕಿಂಗ್ ಮಾಡ್ತಿದ್ರು, ಈಗ ಊರಿಗೆ ಊರೇ ಮಾಡುತ್ತೆ. ಏರಿ ಮೇಲೆ ಕೂತು ತಿಂಡಿ ಪೊಟ್ಣ ಬಿಚ್ಚೋದಾದ್ರೆ ಕವರ್ ವಾಪಸ್ ತಗೊಂಡ್ಹೋಗಿ, ಹೆಜ್ಜಾರ್ಲೆ (ಪೆಲಿಕನ್) ಹಕ್ಕಿಗಳು ಇಲ್ಲಿ ಬಂದು ಇಳಿಯುತ್ತವೆ.

ಕೊನೇದು ಗಂಗೋತ್ರಿ. 1960ರಲ್ಲಿ ಶುರುವಾದ ಪಿಜಿ ಕ್ಯಾಂಪಸ್ಸು, ಮಾನಸಗಂಗೋತ್ರಿ ಅಂತ ಹೆಸರಿಟ್ಟಿದ್ದು ಕುವೆಂಪು. ಒಳಗೆ ಜಯಲಕ್ಷ್ಮೀವಿಲಾಸ ಅಂತ 1905ರ ಬಂಗಲೆ ಇದೆ, ರಾಜಕುಮಾರಿ ಜಯಲಕ್ಷಮ್ಮಣ್ಣಿಯವ್ರಿಗೆ ಕಟ್ಸಿದ್ದು, ಆಮೇಲೆ ಅದೇ ಜಾನಪದ ವಸ್ತುಸಂಗ್ರಹಾಲಯ ಆಯ್ತು, ತೊಗಲುಗೊಂಬೆ, ಯಕ್ಷಗಾನದ ವೇಷ, ಹಳ್ಳಿ ಮನೆ ಸಾಮಾನು ಎಲ್ಲಾ ಜೋಡಿಸಿದ್ರು. ಕಟ್ಟಡ ಹಳೇದಾಗಿರೋದ್ರಿಂದ ರಿಪೇರಿಗೆ ಮುಚ್ಚೋದುಂಟು, ಹೊರಡೋಕೆ ಮುಂಚೆ ತೆಗ್ದಿದ್ಯಾ ಅಂತ ನಿಮ್ಮ ಸ್ಟೂಡೆಂಟ್ ಕೈಲೇ ವಿಚಾರಿಸಿ. ಮುಚ್ಚಿದ್ರೆ ಕ್ಯಾಂಟೀನ್‌ಗೆ ಹೋಗಿ, ಅಲ್ಲಿ ಕೂತು ಟೀ ಕುಡೀತಾ ಆಡೋ ಮಾತಲ್ಲಿ ಎಷ್ಟೋ ಸಂಗತಿ ಸಿಗುತ್ತೆ.

ಮಾತಾಡೋ ರೀತಿ ಬಗ್ಗೆ ಎರಡು ಮಾತು. "ಏನಮ್ಮ, ನಿನ್ನ ಊರು ಯಾವ್ದು" ಅಂತ ಶುರು ಮಾಡಿ, ಪರವಾಗಿಲ್ಲ, ಆದ್ರೆ ಅಲ್ಲಿಂದ ಜಾತಿ, ಮದುವೆ, "ಇದನ್ನ ಓದಿ ಏನ್ ಕೆಲಸ ಸಿಗುತ್ತೆ" ಅನ್ನೋದಕ್ಕೆ ಹೋಗ್ಬೇಡಿ. ಇತಿಹಾಸ ಓದೋ ಮಕ್ಳು ಆ ಕೊನೇ ಪ್ರಶ್ನೆ ಮನೇಲೂ ಕೇಳಿ ಕೇಳಿ ನೊಂದಿರ್ತಾರೆ. ಇಸವಿ ಕೇಳಿ ಪರೀಕ್ಷೆ ಮಾಡೋದೂ ಬೇಡ, ಇಸವಿ ಫೋನಲ್ಲೂ ಸಿಗುತ್ತೆ. ಅದ್ರ ಬದ್ಲು ಮೊದಲನೇ ದಿನ ಇಲ್ಲಿ ಬಂದಾಗ ಏನನ್ನಿಸ್ತು, ಯಾವ ಜಾಗದಲ್ಲಿ ಕೂತು ಓದ್ತೀಯ, ಯಾವ ಮೇಷ್ಟ್ರ ಪಾಠಕ್ಕೆ ಬೇರೆ ಕ್ಲಾಸಿನೋರೂ ಬಂದು ಕೂರ್ತಾರೆ ಅಂತ ಕೇಳಿ. ಸುರಂಗದ ಕಥೆ, ರಾಜಮನೆತನದ ಗುಟ್ಟಿನ ಕಥೆ ಬಂದ್ರೆ ಜಗಳ ಆಡ್ಬೇಡಿ, ಇದನ್ನ ಎಲ್ಲಿ ಓದಿದ್ದು, ಯಾರು ಹೇಳಿದ್ದು ಅಂತ ಮೆಲ್ಲಗೆ ವಿಚಾರಿಸಿ, ಒಳ್ಳೇ ಸ್ಟೂಡೆಂಟ್ ತಾನೇ "ಇದು ಬರೀ ಬಾಯಿಮಾತು ಸಾರ್" ಅಂತ ಬೇರ್ಪಡಿಸಿ ಹೇಳ್ತಾರೆ. ವಿಡಿಯೋ ಮಾಡೋದಾದ್ರೆ ಒಂದು ಮಾತು ಕೇಳಿ ಮಾಡಿ, ಕೇಳದೆ ಅವ್ರ ಮುಖ ರೀಲ್ಸ್‌ಗೆ ಹಾಕ್ಬೇಡಿ.

ಒಂಟಿಕೊಪ್ಪಲು, ಯಾದವಗಿರಿ ಕಡೇನ ಇದೇ ದಿನ ತುರುಕೋಕೆ ಹೋಗ್ಬೇಡಿ. ಅಲ್ಲಿ ಕುವೆಂಪು ಮನೆ ಉದಯರವಿ ಇದೆ, ಆರ್.ಕೆ. ನಾರಾಯಣ್ ಮನೆ ಮ್ಯೂಸಿಯಂ ಆಗಿದೆ, ಮಹಾರಾಜ ಕಾಲೇಜಲ್ಲಿ ಸೈಕಾಲಜಿ ಪಾಠ ಮಾಡ್ತಿದ್ದ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೇಲೇ ರೇಡಿಯೋ ಕೇಂದ್ರ ಶುರು ಮಾಡಿ ಆಕಾಶವಾಣಿ ಅಂತ ಕರೆದಿದ್ದು ಆ ಕಡೇನೇ. ಅದಕ್ಕೆ ಇನ್ನೊಂದು ಬೆಳಗ್ಗೆ ಇಟ್ಕೊಳಿ, ಅದೇ ಸ್ಟೂಡೆಂಟನ್ನ ಕೇಳಿ, ಆ ದಿನದ ದುಡ್ಡು ಬೇರೆ ಕೊಡಿ.